ಆನೆ ಹಂದಿಯಾಗದಿರಲಿ: ಮನೆಯಲ್ಲೇ ಹಳೆ ನಾಣ್ಯದ ಫೋಟೊ ತೆಗೆಯುವುದು ಹೇಗೆ?

ಕಳೆದ ದೀಪಾವಳಿ ಹೊತ್ತಿಗೆ ನಮ್ಮ ಭಾವ ವಾಟ್ಸ್‌ಆ್ಯಪ್‌ನಲ್ಲಿ ಎರಡು ಫೋಟೊ ಕಳಿಸಿದರು. ಅವರ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಬೆಳ್ಳಿ ರೂಪಾಯಿ. 'ಇದು ಹಂದಿ ರೂಪಾಯಿನಾ? ನೋಡಿ ಹೇಳಪ್ಪಾ, ಎಷ್ಟು ಬರುತ್ತೆ?' ಅಂತ ಕೆಳಗೆ ಬರೆದಿದ್ದರು. ಮೊದಲ ಫೋಟೊದಲ್ಲಿ ಅವರ ಅಂಗೈ ರೇಖೆಗಳೆಲ್ಲ ಚೆನ್ನಾಗಿ ಬಂದಿದ್ದವು, ಜ್ಯೋತಿಷಿಗೆ ತೋರಿಸಬಹುದಿತ್ತು. ನಡುವಿನ ನಾಣ್ಯದಲ್ಲಿ ಮಾತ್ರ ಐದನೇ ಜಾರ್ಜ್ ದೊರೆಯ ಮುಖದ ಮೇಲೆ ಟ್ಯೂಬ್‌ಲೈಟ್ ಅಡ್ಡಡ್ಡ ಮಲಗಿತ್ತು. ಎರಡನೆಯದರಲ್ಲಿ ಇಸವಿಯ ಮೊದಲ ಮೂರು ಅಂಕಿ ಕಾಣುತ್ತಿತ್ತು, 191. ಕೊನೆಯದು ಬೆಳಕಿನಲ್ಲಿ ಮುಳುಗಿಹೋಗಿತ್ತು. ಒಂದೋ ಏಳೋ ದೇವರೇ ಬಲ್ಲ.

ಹಂದಿ ರೂಪಾಯಿ ಅಂದರೆ 1911ರದ್ದು. ಐದನೇ ಜಾರ್ಜ್ ಹೆಸರಿನ ಮೊದಲ ರೂಪಾಯಿ ಅದು. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಅದರ ಸೊಂಡಿಲು ಗಿಡ್ಡವಾಗಿ ಬಂದು, ಜನರ ಕಣ್ಣಿಗೆ ಹಂದಿಯಾಗಿ ಕಂಡು, ಗಲಾಟೆಯಾಯಿತು. ಸರ್ಕಾರ ನಾಣ್ಯ ವಾಪಸ್ ತೆಗೆದುಕೊಂಡು 1912ರಲ್ಲಿ ಆನೆಯನ್ನು ತಿದ್ದಿ ಮತ್ತೆ ಟಂಕಿಸಿತು. ಹಾಗಾಗಿ 1911ರದ್ದಕ್ಕೆ ಸಂಗ್ರಹಕಾರರು ಜಾಸ್ತಿ ಬೆಲೆ ಕೊಡುತ್ತಾರೆ. ಆ ಆನೆ ಇರುವುದು ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಬೆಳಕು ತಪ್ಪಿತೋ, ತಿದ್ದಿದ ಆನೆಯೂ ಹಂದಿಯೇ.

ವಾರಕ್ಕೆ ಒಂದಾದರೂ ಇಂಥ ಫೋಟೊ ನನಗೆ ಬರುತ್ತದೆ. ಎಲ್ಲರ ಹತ್ತಿರವೂ ಒಳ್ಳೆ ಕ್ಯಾಮೆರಾ ಇದೆ. ಕೆಡುವುದೆಲ್ಲ ಬೆಳಕಿನಲ್ಲಿ. ಅದಕ್ಕೇ ಈ ಲೇಖನದಲ್ಲಿ ಬೆಳಕಿನದೇ ದೊಡ್ಡ ಪಾಲು.

ಮೊದಲು, ತೊಳೆಯಬೇಡಿ

ಫೋಟೊ ತೆಗೆಯಬೇಕು ಅಂದ ತಕ್ಷಣ ನಮ್ಮವರು ಮಾಡುವ ಮೊದಲ ಕೆಲಸ ನಾಣ್ಯಕ್ಕೆ ಹುಣಸೆಹಣ್ಣು ಹಚ್ಚುವುದು. ಬೆಳ್ಳಿಯಾದರೆ ವಿಭೂತಿ, ಇಲ್ಲವೇ ಟೂತ್‌ಪೇಸ್ಟ್. ದೇವರ ಮನೆಯ ತಂಬಿಗೆಗೆ ಸರಿ, ನಾಣ್ಯಕ್ಕೆ ಬೇಡ. ನೂರು ವರ್ಷ ಕೂತು ಬಂದ ಬಣ್ಣ ಎರಡು ನಿಮಿಷದಲ್ಲಿ ಹೋಗುತ್ತದೆ, ಜೊತೆಗೆ ಬೆಲೆಯೂ. ಉಜ್ಜಿದ ಗೀರು ಫೋಟೊದಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ. ನಾನೂ ಹೈಸ್ಕೂಲಿನಲ್ಲಿದ್ದಾಗ ಒಂದು ತಾಮ್ರದ ಕಾಸನ್ನು ಹೀಗೆ ಫಳಫಳ ಮಾಡಿ ಹಾಳು ಮಾಡಿದ್ದೇನೆ. ಈಗಲೂ ಇಟ್ಟುಕೊಂಡಿದ್ದೇನೆ, ಯಾರಿಗೂ ತೋರಿಸುವುದಿಲ್ಲ.

ಧೂಳಿದ್ದರೆ ಲೆನ್ಸ್ ಒರೆಸುವವರ ರಬ್ಬರ್ ಬುರುಡೆಯಿಂದ ಗಾಳಿ ಊದಿ. ಬಾಯಲ್ಲಿ ಊದಬೇಡಿ, ಎಂಜಲು ಸಿಡಿದರೆ ಕಲೆ ನಿಲ್ಲುತ್ತದೆ. ಹಿಡಿಯುವಾಗ ಅಂಚಿನಲ್ಲಿ ಮಾತ್ರ ಹಿಡಿಯಿರಿ. ಮೇಜಿನ ಮೇಲೆ ಮಡಿಸಿದ ಟವೆಲ್ ಇರಲಿ, ನಾಣ್ಯ ಕೈಜಾರುವುದು ಗ್ಯಾರಂಟಿ.

ಕ್ಯಾಮೆರಾ ನಿಲ್ಲಿಸುವುದು

ಕ್ಯಾಮೆರಾ ನೆಲ ನೋಡಬೇಕು, ಅಲುಗಾಡಬಾರದು. ಟ್ರೈಪಾಡ್‌ನ ನಡುವಿನ ಕಂಬವನ್ನು ಉಲ್ಟಾ ಹಾಕಿದರೆ ಸಾಕು. ಅದಕ್ಕಿಂತ ಒಳ್ಳೆಯದು ಹಳೆ ಸ್ಟುಡಿಯೊಗಳ ಡಾರ್ಕ್‌ರೂಮಿನಲ್ಲಿ ಇರುತ್ತಿದ್ದ ಎನ್‌ಲಾರ್ಜರ್ (ನೆಗೆಟಿವ್‌ನಿಂದ ಫೋಟೊ ದೊಡ್ಡದು ಮಾಡುವ ಯಂತ್ರ) ಸ್ಟ್ಯಾಂಡ್. ನನ್ನದು ಗುಜರಿಯಲ್ಲಿ ಸಿಕ್ಕಿದ್ದು. ತಲೆ ಬಿಚ್ಚಿ ಎಸೆದು ಆ ಜಾಗದಲ್ಲಿ ಕ್ಯಾಮೆರಾ ಕೂರಿಸಿದ್ದೇನೆ.

ಕ್ಯಾಮೆರಾ ಸ್ವಲ್ಪ ಓರೆಯಾದರೂ ದುಂಡಗಿನ ನಾಣ್ಯ ಮೊಟ್ಟೆಯಾಗುತ್ತದೆ. ಇದಕ್ಕೆ ಸುಲಭ ಉಪಾಯ ಇದೆ. ನಾಣ್ಯ ಇಡುವ ಜಾಗದಲ್ಲಿ ಒಂದು ಕೈಗನ್ನಡಿಯನ್ನು ಮಟ್ಟವಾಗಿ ಇಡಿ. ಪರದೆಯಲ್ಲಿ ನೋಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ನಡುವೆ ಬಂದರೆ ಕ್ಯಾಮೆರಾ ನೇರ ಇದೆ ಅಂತ ಅರ್ಥ. ರಸಮಟ್ಟ, ಫೋನಿನ ಆ್ಯಪ್ ಯಾವುದೂ ಇಷ್ಟು ಕರಾರುವಾಕ್ಕಾಗಿ ಹೇಳುವುದಿಲ್ಲ.

90 ಅಥವಾ 100 ಮಿ.ಮೀ. ಮ್ಯಾಕ್ರೊ ಲೆನ್ಸ್, ಅಂದರೆ ಸಣ್ಣ ವಸ್ತುವನ್ನು ಹತ್ತಿರದಿಂದ ತೆಗೆಯುವ ಲೆನ್ಸ್, ಇದ್ದವರು ಪುಣ್ಯವಂತರು. ಇಲ್ಲದವರು ಕ್ಯಾಮೆರಾ ಜೊತೆ ಬಂದ ಲೆನ್ಸನ್ನೇ ಪೂರ್ತಿ ಜೂಮ್ ಮಾಡಿ, ಸ್ವಲ್ಪ ದೂರದಿಂದ ತೆಗೆದು, ಆಮೇಲೆ ಕತ್ತರಿಸಿಕೊಳ್ಳಿ. ನಾಣ್ಯ ದೊಡ್ಡದಾಗಿ ಬರಲಿ ಅಂತ ಲೆನ್ಸನ್ನು ಅದರ ತೀರಾ ಹತ್ತಿರ ತರಬೇಡಿ. ಲೆನ್ಸಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ, ದೀಪ ಇಡಲು ಜಾಗವೂ ಉಳಿಯುವುದಿಲ್ಲ.

ನಾಣ್ಯದ ಕೆಳಗೆ

ಬೂದು ಬಣ್ಣದ ಕಾಗದ ಹಾಸಿ. ನಾಣ್ಯವನ್ನು ನೇರ ಅದರ ಮೇಲೆ ಇಡದೆ, ನಾಣ್ಯಕ್ಕಿಂತ ಚಿಕ್ಕದಾದ ಒಂದು ಬಾಟಲಿ ಮುಚ್ಚಳದ ಮೇಲೆ ಇಡಿ. ನೆರಳು ದೂರ ಬೀಳುತ್ತದೆ, ಹಿನ್ನೆಲೆ ಮಸುಕಾಗುತ್ತದೆ. ಒಡವೆ ಡಬ್ಬಿಯ ಕೆಂಪು ವೆಲ್ವೆಟ್ ಬಟ್ಟೆ ನೋಡಲು ಗತ್ತು, ಆದರೆ ಬೆಳ್ಳಿಯ ಅಂಚಿಗೆಲ್ಲ ಕೆಂಪು ಬಳಿಯುತ್ತದೆ.

ಬೆಳಕು

ಈಗ ರೂಮಿನ ದೀಪ ಆರಿಸಿ. ಕಿಟಕಿಗೆ ಪರದೆ ಎಳೆಯಿರಿ. ಫ್ಯಾನ್ ಕೂಡ ನಿಲ್ಲಿಸಿ, ಸ್ಟ್ಯಾಂಡ್ ಅದುರುತ್ತದೆ. ಕಿಟಕಿ ಬೆಳಕು ನೀಲಿ, ಮನೆಯ ಬಲ್ಬ್ ಹಳದಿ. ಎರಡೂ ಕೂಡಿದರೆ ಅರ್ಧ ನಾಣ್ಯ ಬೆಳ್ಳಿ, ಅರ್ಧ ಹಿತ್ತಾಳೆ.

ಬೇಕಾಗಿರುವುದು ಕತ್ತು ಬಾಗುವ ಎರಡು ಟೇಬಲ್ ಲ್ಯಾಂಪ್, ಎರಡಕ್ಕೂ ಒಂದೇ ಕಂಪನಿಯ, ಒಂದೇ ಬಣ್ಣದ 9 ವ್ಯಾಟ್ ಎಲ್‌ಇಡಿ ಬಲ್ಬ್. ಡಬ್ಬದ ಮೇಲೆ ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90 ಅಥವಾ ಹೆಚ್ಚು ಅಂತ ಬರೆದಿದ್ದರೆ ಅದನ್ನೇ ಕೊಳ್ಳಿ, ತಾಮ್ರದ ಕೆಂಪು ಸರಿಯಾಗಿ ಬರುತ್ತದೆ.

ರಿಂಗ್ ಲೈಟ್ ಮಾತ್ರ ಬೇಡ. ಅದನ್ನು ಮೇಕಪ್‌ನವರಿಗೆ ಬಿಡಿ. ಮುಖದ ಸುಕ್ಕು ಮುಚ್ಚುವುದು ಅದರ ಕೆಲಸ, ನಮಗೆ ಬೇಕಾಗಿರುವುದೇ ಸುಕ್ಕು. ಸುತ್ತಲೂ ಸಮನಾಗಿ ಬೆಳಕು ಬಿದ್ದರೆ ಉಬ್ಬು ತಗ್ಗು ಎಲ್ಲ ಚಪ್ಪಟೆ. ಆನ್‌ಲೈನಿನಲ್ಲಿ ಸಿಗುವ ವಸ್ತುವನ್ನು ಒಳಗಿಟ್ಟು ಫೋಟೊ ತೆಗೆಯುವ, ಮಡಚುವ ಬಿಳಿ ಡೇರೆಗಳದ್ದೂ ಇದೇ ಕಥೆ. ನಾನು ಒಂದು ತರಿಸಿ ಮೋಸಹೋದೆ. ಈಗ ಅದರಲ್ಲಿ ಈರುಳ್ಳಿ ಇದೆ. ಕ್ಯಾಮೆರಾದ ಫ್ಲ್ಯಾಶ್ ಬಗ್ಗೆ ಮಾತೇ ಬೇಡ.

ನಾಣ್ಯವನ್ನು ಗಡಿಯಾರದ ಮುಖ ಅಂದುಕೊಳ್ಳಿ. ದೊರೆಯ ಕಿರೀಟ 12 ಗಂಟೆಗೆ. ಮೊದಲ ದೀಪ 10 ಗಂಟೆಯ ಕಡೆ, ಎರಡನೆಯದು 2 ಗಂಟೆಯ ಕಡೆ. ಎರಡೂ ಮೇಲ್ಭಾಗದಲ್ಲೇ ಇರಬೇಕು. ನಮ್ಮ ಕಣ್ಣಿಗೆ ಬೆಳಕು ಮೇಲಿನಿಂದ ಬಂದು ಅಭ್ಯಾಸ. ಕೆಳಗಿನಿಂದ ಬಂದರೆ ಉಬ್ಬಿದ ಮೂಗು ಗುಳಿಯಾಗಿ ಕಾಣುತ್ತದೆ. ನಂಬಿಕೆ ಇಲ್ಲದಿದ್ದರೆ ಯಾವುದಾದರೂ ನಾಣ್ಯದ ಫೋಟೊವನ್ನು ತಲೆಕೆಳಗು ಮಾಡಿ ನೋಡಿ. ನಾಣ್ಯ ಓರೆಯಾಗಿದ್ದಾಗ ಫೋಟೊ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ತಿರುಗಿಸುವವರು ಬೀಳುವ ಹಳ್ಳವೂ ಇದೇ. ನಾಣ್ಯದ ಜೊತೆ ಬೆಳಕೂ ತಿರುಗಿಬಿಡುತ್ತದೆ. ಆದ್ದರಿಂದ ನಾಣ್ಯವನ್ನು ಮೊದಲೇ ನೆಟ್ಟಗೆ ಇಡಿ.

ಎರಡನೇ ದೀಪ ಆರಿಸಿ. 10 ಗಂಟೆಯದು ಒಂದೇ ಉರಿಯಲಿ. ಕಣ್ಣು ನಾಣ್ಯದ ಮೇಲಲ್ಲ, ಕ್ಯಾಮೆರಾದ ಪರದೆಯ ಮೇಲೆ. ಈಗ ದೀಪವನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡಿ. ಲೆನ್ಸಿನ ಪಕ್ಕಕ್ಕೆ, ತೀರಾ ಮೇಲೆ ತಂದಾಗ ಬೆಳ್ಳಿಯ ಬಯಲು, ಅಂದರೆ ಚಿತ್ರ ಅಕ್ಷರ ಇಲ್ಲದ ಖಾಲಿ ಜಾಗ, ಬೆಳಗುತ್ತದೆ, ಹೊಳಪು ಬರುತ್ತದೆ, ಆದರೆ ಅಕ್ಷರಗಳು ತೆಳ್ಳಗಾಗುತ್ತವೆ. ಕೆಳಗೆ ಇಳಿಸಿದಂತೆ ಬಯಲು ಕಪ್ಪಾಗಿ ಉಬ್ಬುಗಳು ಎದ್ದು ನಿಲ್ಲುತ್ತವೆ. ಬಳಕೆಯಾಗದ ಹೊಸ ನಾಣ್ಯಕ್ಕೆ ಮೇಲಿನ ದೀಪ, ಸವೆದದ್ದಕ್ಕೆ ಕೆಳಗಿನದು. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಅಳತೆಪಟ್ಟಿ ಹೇಳುವುದಿಲ್ಲ, ನಾಣ್ಯವೇ ಹೇಳುತ್ತದೆ.

ಜಾರ್ಜ್ ರೂಪಾಯಿಯನ್ನೇ ತೆಗೆದುಕೊಳ್ಳಿ. ದೊರೆ ಎಡಕ್ಕೆ ನೋಡುತ್ತಾನೆ. 10 ಗಂಟೆಯ ದೀಪ ನೇರ ಮುಖಕ್ಕೆ ಬೀಳುತ್ತದೆ. ಗಡ್ಡದ ಕೂದಲು ಬೇರೆ ಬೇರೆಯಾಗಿ ಕಾಣಬೇಕು, ಕಿವಿಯ ಹಿಂದೆ ಸಣ್ಣ ನೆರಳು ಬೀಳಬೇಕು. ಅಷ್ಟಾದ ಮೇಲೆ ಪರದೆಯನ್ನು ಹಿಗ್ಗಿಸಿ ನಿಲುವಂಗಿಯ ಆನೆಗೆ ಬನ್ನಿ. ಬೆಳಕು ಮೇಲಿದ್ದಾಗ ಸೊಂಡಿಲು, ಮುಂಗಾಲು ಕೂಡಿಕೊಂಡು ಒಂದು ಗಡ್ಡೆ. ದೀಪವನ್ನು ಎರಡು ಬೆರಳಷ್ಟು ಇಳಿಸಿ. ಸೊಂಡಿಲಿನ ಪಕ್ಕ ಕೂದಲೆಳೆಯಷ್ಟು ನೆರಳು ಬೀಳುತ್ತದೆ. ಸೊಂಡಿಲು ಕಾಲಿನಿಂದ ಬಿಡಿಸಿಕೊಳ್ಳುತ್ತದೆ. ಅಲ್ಲೇ ನಿಲ್ಲಿಸಿ. ಇನ್ನೂ ಇಳಿಸಿದರೆ ನಿಲುವಂಗಿಯ ಅರ್ಧ ಕತ್ತಲಿಗೆ ಹೋಗುತ್ತದೆ.

ಈಗ 2 ಗಂಟೆಯ ದೀಪ ಹಚ್ಚಿ. ಅದು ಮೊದಲಿನದಕ್ಕಿಂತ ದೂರ ಇರಲಿ, ಒಂದೂವರೆ ಪಟ್ಟು. ಕತ್ತಲಿದ್ದ ಕಡೆ ತುಸು ತುಂಬುವುದಷ್ಟೇ ಅದರ ಕೆಲಸ. ಎರಡೂ ಸಮ ಆದರೆ ಎರಡೆರಡು ನೆರಳು ಬಿದ್ದು ಅಕ್ಷರ ಜೋಡಿಯಾಗಿ ಕಾಣುತ್ತದೆ. ನಿಜ ಹೇಳಬೇಕೆಂದರೆ ನಾನು ಬಹಳ ಸಲ ಎರಡನೇ ದೀಪದ ಬದಲು ಒಂದು ತುಂಡು ಥರ್ಮೊಕೋಲ್ ನಿಲ್ಲಿಸುತ್ತೇನೆ. ಸಾಕಾಗುತ್ತದೆ.

ಬೆಳ್ಳಿ ಎಲ್ಲೋ ಒಂದು ಕಡೆ ಉರಿದು ಬಿಳಿಯಾದರೆ ದೀಪದ ಮುಂದೆ ಒಂದೇ ಒಂದು ಪದರ ಟ್ರೇಸಿಂಗ್ ಪೇಪರ್ ಹಿಡಿಯಿರಿ. ಎರಡು ಪದರ ಆಯಿತೆಂದರೆ ಹೊಳಪು ಸತ್ತು ನಾಣ್ಯ ಅಲ್ಯುಮಿನಿಯಂ ತಟ್ಟೆಯಾಗುತ್ತದೆ.

ತಾಮ್ರದ್ದು ಬೇರೆ ಲೆಕ್ಕ. ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು, ಇವು ಕಪ್ಪು, ಸವಕಲು. ಇವಕ್ಕೆ ಒಂದೇ ದೀಪ, ಮೇಜಿನಿಂದ ಒಂದು ಗೇಣು ಎತ್ತರ, ಪಕ್ಕದಿಂದ. ಮಯಿಲಿ ಕಾಸಿನ ಮೇಲಿನ ಕನ್ನಡ ಅಕ್ಷರ ಎಷ್ಟೋ ಸಲ ಬರಿಗಣ್ಣಿಗೆ ಸಿಗುವುದಿಲ್ಲ. ಹೀಗೆ ಪಕ್ಕದ ಬೆಳಕು ಬಿಟ್ಟರೆ ಉತ್ತ ಹೊಲದ ಸಾಲಿನ ಹಾಗೆ ಏಳುತ್ತವೆ.

ಸಂಗ್ರಹಕಾರರಿಗೆಂದೇ ಟಂಕಿಸಿದ, ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯಗಳಿಗೆ ಇದ್ಯಾವುದೂ ನಡೆಯದು. ಅದರಲ್ಲಿ ಕಾಣುವುದು ನಿಮ್ಮದೇ ಕ್ಯಾಮೆರಾ. ಫೋಟೊ ಫ್ರೇಮಿನ ಗಾಜು ಬಿಚ್ಚಿ, ನಾಣ್ಯಕ್ಕೂ ಲೆನ್ಸಿಗೂ ನಡುವೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ದೀಪ ಪಕ್ಕದಿಂದ ಗಾಜಿಗೆ ಬೀಳಲಿ. ಗಾಜು ಬೆಳಕನ್ನು ನೇರ ಕೆಳಗೆ ನಾಣ್ಯಕ್ಕೆ ಕಳಿಸುತ್ತದೆ, ಅದು ಗಾಜಿನ ಮೂಲಕವೇ ವಾಪಸ್ ಲೆನ್ಸಿಗೆ ಬರುತ್ತದೆ. ದೀಪಕ್ಕೂ ನಾಣ್ಯಕ್ಕೂ ನಡುವೆ ಒಂದು ರಟ್ಟು, ಗಾಜಿನ ಆಚೆ ಬದಿಗೆ ಕಪ್ಪು ಬಟ್ಟೆ. ಹಳೆ ಬೆಳ್ಳಿಯ ಮೇಲೆ ಕೂತ ನೀಲಿ, ನೇರಳೆ ಬಣ್ಣಗಳೂ ಹೀಗೇ ಬರುವುದು.

ಕ್ಲಿಕ್

ಲೆನ್ಸಿನ ಕಿಂಡಿ ಎಫ್ 8, ಬೆಳಕಿನ ಸೂಕ್ಷ್ಮತೆ ಐಎಸ್‌ಒ 100, 2 ಸೆಕೆಂಡ್ ಟೈಮರ್. ಕಿಂಡಿ ಇನ್ನೂ ಕಿರಿದು ಮಾಡಿ ಎಫ್ 16 ಇಟ್ಟರೆ ಎಲ್ಲ ಸ್ಪಷ್ಟ ಬರುತ್ತದೆ ಅನ್ನುವುದು ತಪ್ಪು, ಇಷ್ಟು ಹತ್ತಿರದಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಮಸುಕಾಗುತ್ತದೆ. ಶಟರ್ 1/50 ಸೆಕೆಂಡಿಗಿಂತ ನಿಧಾನವೇ ಇರಲಿ. ನಮ್ಮ ಕರೆಂಟು 50 ಹರ್ಟ್ಸ್, ವೇಗ ಜಾಸ್ತಿಯಾದರೆ ಅಗ್ಗದ ಎಲ್‌ಇಡಿಯ ಮಿನುಗು ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಅದೇ ದೀಪದಲ್ಲಿ ಬಿಳಿ ಕಾಗದ ಇಟ್ಟು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಬರುವಂತೆ) ಹೊಂದಿಸಿ. ಫೋಕಸ್ ಕೈಯಲ್ಲೇ ಮಾಡಿ, ಪರದೆಯನ್ನು 10 ಪಟ್ಟು ಹಿಗ್ಗಿಸಿ.

ಎರಡೂ ಬದಿಗೆ ದೀಪ ಅಲುಗಿಸದೆ ತೆಗೆಯಿರಿ. ಜಾರ್ಜ್ ರೂಪಾಯಿಯ ಹಿಂಬದಿಯಲ್ಲಿ ಕೆಳಗಿನ ತಾವರೆಯ ಹತ್ತಿರ ಒಂದು ಚುಕ್ಕಿ ಇದ್ದರೆ ಬೊಂಬಾಯಿ ಟಂಕಸಾಲೆ, ಇಲ್ಲದಿದ್ದರೆ ಕಲ್ಕತ್ತ. ಫೋಟೊದಲ್ಲಿ ಆ ಚುಕ್ಕಿಯ ಜಾಗ ಕಾಣದಿದ್ದರೆ ಯಾವ ಟಂಕಸಾಲೆಯದು ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ. ಅಂಚಿನದೂ ಒಂದು ತೆಗೆಯಿರಿ. ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯಾದರೆ ಬೆಸುಗೆಯ ಗೆರೆ ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ತೂಕವನ್ನೂ ಬರೆದು ಕಳಿಸಿ, ಅಸಲಿ ಬೆಳ್ಳಿ ರೂಪಾಯಿ 11.66 ಗ್ರಾಂ.

ಕಂಪ್ಯೂಟರಿನಲ್ಲಿ ಕತ್ತರಿಸುವುದು ಬಿಟ್ಟು ಬೇರೇನೂ ಮಾಡಬೇಡಿ. ಪರಿಚಯದವರೊಬ್ಬರು ಟಿಪ್ಪು ನಾಣ್ಯದ ಇಸವಿ ಹಿಂದುಮುಂದಾಗಿದೆ ಅಂತ ಫೋಟೊವನ್ನೇ ಕನ್ನಡಿಯಂತೆ ಮಗುಚಿದ್ದರು. ಟಿಪ್ಪು ತಾನೇ ಶುರು ಮಾಡಿದ ಮೌಲೂದಿ ಶಕೆಯ ಇಸವಿಯ ಅಂಕಿಗಳನ್ನು ಓದುವುದೇ ಬಲದಿಂದ ಎಡಕ್ಕೆ! ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ.

ಭಾವ ಕೊನೆಗೆ ನಾಣ್ಯವನ್ನೇ ಹಿಡಿದುಕೊಂಡು ಮನೆಗೆ ಬಂದರು. ಕರ್ಚೀಫಿನಲ್ಲಿ ಸುತ್ತಿತ್ತು. ಮುಚ್ಚಳದ ಮೇಲಿಟ್ಟು, ದೀಪ ಇಳಿಸಿ, ಪರದೆ ಅವರ ಕಡೆ ತಿರುಗಿಸಿದೆ. ಸೊಂಡಿಲು ಚೆನ್ನಾಗಿ ಉದ್ದಕ್ಕೆ ಇಳಿಬಿದ್ದಿತ್ತು. ಮಗುಚಿ ಹಾಕಿದೆ, 1917. ಚುಕ್ಕಿ ಇತ್ತು, ಬೊಂಬಾಯಿಯದು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, 'ಅಲ್ಲಪ್ಪಾ, ಹುಣಸೆಹುಳೀಲಿ ಒಂದ್ಸಲ ತೊಳೆದು ನೋಡಿದ್ರೆ?' ಅಂದರು.