ದುಬಾರಿ ದ್ರಾವಕ ಇಲ್ಲದೆ ಸೋಡಿಯಂ ಎನ್‌ಎಂಆರ್: ನನ್ನ ಅನುಭವ

ಕಳೆದ ತಿಂಗಳು ಕೊನೆಗೂ ಗ್ರಾಫ್ ಸರಿಯಾಗಿ ಬಂತು. ಅಸಿಟೋನೈಟ್ರೈಲ್ ಅನ್ನೋ ದ್ರಾವಕಕ್ಕೆ ಡಿಎಂಎಸ್‌ಒ ಅನ್ನೋ ಇನ್ನೊಂದು ದ್ರಾವಕವನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಹೋದರೆ ಸೋಡಿಯಂ ಅಯಾನು ಯಾವ ಹಂತದಲ್ಲಿ ಪಕ್ಷ ಬದಲಿಸುತ್ತದೆ, ಅಂದರೆ ಮೊದಲನೆಯದರ ಅಣುಗಳನ್ನು ಬಿಟ್ಟು ಎರಡನೆಯದರ ಅಣುಗಳನ್ನು ಸುತ್ತ ಕಟ್ಟಿಕೊಳ್ಳುತ್ತದೆ, ಅಂತ ಎನ್‌ಎಂಆರ್‌ನಲ್ಲಿ (ಕಾಂತಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳ ರೇಡಿಯೊ ಸಂಕೇತ ಅಳೆಯುವ ವಿಧಾನ) ನೋಡುವ ಕೆಲಸ. ಸುತ್ತಲ ಅಣು ಬದಲಾದರೆ ಸಂಕೇತದ ಗೆರೆ, ಅಂದರೆ ಪೀಕ್, ಜರುಗುತ್ತದೆ. ಆ ಜರುಗುವಿಕೆಯೇ ಶಿಫ್ಟ್. ಎರಡು ವರ್ಷ ಹಿಡಿಯಿತು. “ಡ್ಯುಟೀರಿಯಂ ದ್ರಾವಕ ಇಲ್ದ ಲಾಕ್ ಹೆಂಗ ಮಾಡ್ತೀರಿ? ಸುಮ್ನ ರೊಕ್ಕ ಹಾಳು” ಅಂದವರೇ ಜಾಸ್ತಿ.

ಲಾಕ್ ಅಂದರೆ ಡ್ಯುಟೀರಿಯಂ (ಭಾರ ಹೈಡ್ರೋಜನ್) ಸಂಕೇತ ನೋಡಿಕೊಂಡು ಯಂತ್ರ ತನ್ನ ಕಾಂತಕ್ಷೇತ್ರವನ್ನು ಜರುಗದಂತೆ ಹಿಡಿಯೋದು. ಅದಕ್ಕೆ ದುಬಾರಿ ಡ್ಯುಟೀರಿಯಂ ದ್ರಾವಕದ ಬದಲು ಭಾರಜಲ ತುಂಬಿದ ಸಣ್ಣ ಕೊಳವೆಯನ್ನು ಸ್ಯಾಂಪಲ್ ಒಳಗೆ ಇಳಿಸಿದೆ. ಮೊದಲು ಅದರಲ್ಲೇ ಉಪ್ಪನ್ನೂ ಕರಗಿಸಿದ್ದೆ, ಶಿಫ್ಟ್ ಅಳೆಯುವ ಸೊನ್ನೆಯ ಗುರುತೂ ಅಲ್ಲೇ ಸಿಗಲಿ ಅಂತ. ಡಿಎಂಎಸ್‌ಒ ಜಾಸ್ತಿಯಾದ ಸ್ಯಾಂಪಲ್‌ಗಳಲ್ಲಿ ಒಳಗಿನ, ಹೊರಗಿನ ಎರಡು ಪೀಕ್‌ಗಳೂ ಒಂದರ ಮೇಲೊಂದು ಕೂತವು. ಅವತ್ತಿನ ದುಡ್ಡು ಪೂರ್ತಿ ನೀರಿಗೆ. ಆಮೇಲೆ ಒಳಗೆ ಬರೀ ಭಾರಜಲ ಇಟ್ಟು, ಉಪ್ಪುನೀರನ್ನು ಬೇರೆಯಾಗಿ ಓಡಿಸಿ ಸೊನ್ನೆ ಹಿಡಿದೆ. ಈ ಕೊಳವೆಯನ್ನು ಒಡೆದ ಪಿಪೆಟ್ ಕಾಯಿಸಿ ನಾನೇ ಎಳೆದದ್ದು. ಅದು ಅಲ್ಲಾಡದೆ ನಟ್ಟನಡುವೆ ನಿಲ್ಲೋದು ಹೇಗೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ಯಂತ್ರ ನಮ್ಮಲ್ಲಿಲ್ಲ. ಕೊಳವೆಗಳನ್ನು ಟವೆಲ್‌ನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಬೆಳಗಾವಿಯಿಂದ ಬಸ್ಸಿನಲ್ಲಿ ಹೋಗಬೇಕು. ಸ್ಯಾಂಪಲ್‌ಗೆ 400-500 ರೂಪಾಯಿ. ಒಟ್ಟು 38 ಸಾವಿರದ ಹತ್ತಿರ ಖರ್ಚಾಗಿರಬೇಕು, ಅದರಲ್ಲಿ ಅರ್ಧ ತಪ್ಪುಗಳಿಗೇ ಹೋಯಿತು.

ದೊಡ್ಡ ತಪ್ಪು ನೀರಿನದು. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ನಮ್ಮೂರಲ್ಲಿ ಯಾವುದೂ ಒಣಗಲ್ಲ. ಗುಟ್‌ಮನ್ ಡೋನರ್ ಸಂಖ್ಯೆ (ದ್ರಾವಕ ಎಲೆಕ್ಟ್ರಾನ್ ಜೋಡಿ ಕೊಟ್ಟು ಹಿಡಿದುಕೊಳ್ಳುವ ಶಕ್ತಿಯ ಅಳತೆ) ಅಸಿಟೋನೈಟ್ರೈಲ್‌ಗೆ 14.1, ನೀರಿಗೆ 18. ಚೂರು ನೀರು ಸೇರಿದರೂ ಸೋಡಿಯಂ ಅತ್ತ ವಾಲುತ್ತದೆ, ಶಿಫ್ಟ್ ಕೆಡುತ್ತದೆ. ಒಣಗಿಸಲು 4ಎ ಮಾಲಿಕ್ಯುಲರ್ ಸೀವ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ಪದಾರ್ಥ) ಹಾಕಿದೆ. ಅದು ಸೋಡಿಯಂ ರೂಪದ್ದು, ನಾನು ಅಳೆಯುವ ಸೋಡಿಯಂ ಜೊತೆಗೇ ಬೆರೆಯಬಹುದು ಅನ್ನೋದು ಎರಡು ತಿಂಗಳು ತಲೆಗೇ ಬರಲಿಲ್ಲ! ಆಮೇಲೆ ಪೊಟ್ಯಾಸಿಯಂ ರೂಪದ 3ಎಗೆ ಬದಲಾಯಿಸಿದೆ.

ಎರಡನೆಯದು ಸಸೆಪ್ಟಿಬಿಲಿಟಿ ತಿದ್ದುಪಡಿ, ಅಂದರೆ ದ್ರಾವಕ ತಾನೇ ಕಾಂತಕ್ಷೇತ್ರವನ್ನು ಚೂರು ಬದಲಿಸುವುದನ್ನು ಲೆಕ್ಕದಿಂದ ತೆಗೆಯೋದು. ಹಳೆಯ ಪೇಪರಿನ ಸೂತ್ರವನ್ನು ಹಾಗೇ ಎತ್ತಿ ಹಾಕಿದ್ದೆ. ಅದು ಕಬ್ಬಿಣದ ಮ್ಯಾಗ್ನೆಟ್ ಕಾಲದ್ದು. ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ನಲ್ಲಿ ಚಿಹ್ನೆ ತಿರುಗುತ್ತದೆ, ಮೊತ್ತ ಎರಡರಷ್ಟಾಗುತ್ತದೆ. ಒಟ್ಟು ಶಿಫ್ಟೇ 7 ಪಿಪಿಎಂ (ಹತ್ತು ಲಕ್ಷದಲ್ಲಿ ಏಳು ಭಾಗ) ಸುಮಾರು, ಅದರಲ್ಲಿ 1 ಪಿಪಿಎಂ ತಪ್ಪಿದರೆ ಏನುಳಿಯುತ್ತದೆ?

ಲವಣದಲ್ಲೂ ಕಂಜೂಸಿ ಮಾಡಿ ಕೈ ಸುಟ್ಟುಕೊಂಡೆ. ಅಗ್ಗ ಅಂತ ಸೋಡಿಯಂ ಅಯೋಡೈಡ್ ತಗೊಂಡರೆ ಸಾಂದ್ರತೆ ಬದಲಾದಂತೆ ಶಿಫ್ಟೂ ಬದಲಾಗುತ್ತಿತ್ತು, ಅಯಾನ್ ಜೋಡಿಯ ಕಾಟ (ಸೋಡಿಯಂಗೆ ದ್ರಾವಕದ ಬದಲು ಅಯೋಡೈಡ್ ಅಂಟಿಕೊಳ್ಳೋದು). ಸೋಡಿಯಂ ಟೆಟ್ರಾಫೀನೈಲ್‌ಬೋರೇಟ್ ದುಬಾರಿಯಾದರೂ ಅದೇ ಸರಿ.

ನಡುವೆ ಡಿಎಂಎಸ್‌ಒ-ನೀರಿನ ಜೋಡಿಯನ್ನೂ ನೋಡಿದೆ. ಎರಡರಲ್ಲೂ ಪೀಕ್ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ಶಿಫ್ಟ್ ಅರ್ಧವಾಗುವ ನಡುಬಿಂದು ಎಲ್ಲಿಂದ ತರೋದು? ಸೋಡಿಯಂ ಬದಲು ಲಿಥಿಯಂ-7 ಹಿಡಿದರೆ ಗೆರೆ ನೋಡಲು ಚೆಂದ, ತೆಳ್ಳಗೆ, ಆದರೆ ಜರುಗೋದು ಕಡಿಮೆ. ಅದನ್ನೂ ಬಿಟ್ಟೆ.

ನಮ್ಮೂರ ಚಳಿ ಮಾತ್ರ ಒಂದು ಉಪಕಾರ ಮಾಡಿತು. ಡಿಸೆಂಬರ್‌ನ ಒಂದು ಮುಂಜಾನೆ ಡಿಎಂಎಸ್‌ಒ ಬಾಟಲಿ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟಿತ್ತು, ಅದು ಗಟ್ಟಿಯಾಗೋದು 18.5 ಡಿಗ್ರಿಗೇ ಅಲ್ವಾ? ಪೂರ್ತಿ ಗಟ್ಟಿಯಾಗಿರಲಿಲ್ಲ, ನಡುವೆ ಒಂದಿಷ್ಟು ದ್ರವ ಉಳಿದಿತ್ತು. ನೀರೂ ಕಸವೂ ಆ ದ್ರವದಲ್ಲೇ ಇರುತ್ತವೆ. ಅದನ್ನು ಬಸಿದು ಚೆಲ್ಲಿ, ಬಿಳಿ ಹರಳನ್ನು ಕರಗಿಸಿ ಬಳಸಿದೆ. ಆಮೇಲೆ ಚಳಿಗಾಲದ ಪ್ರತಿ ಬಾಟಲಿಗೂ ಹೀಗೇ ಮಾಡಿದ್ದೇನೆ.

ಕೊನೆಯ ಸುತ್ತಿನಲ್ಲಿ 11 ಮಿಶ್ರಣ, ಎಲ್ಲವನ್ನೂ ತೂಕ ಮಾಡಿ ಬೆರೆಸಿದ್ದು. ಗೆರೆಯ ಅಗಲ ಅಸಿಟೋನೈಟ್ರೈಲ್‌ನಲ್ಲಿ 15 ಹರ್ಟ್ಜ್ ಆಸುಪಾಸು, ಡಿಎಂಎಸ್‌ಒದಲ್ಲಿ 40 ದಾಟಿತು, ಆದರೂ ಪೀಕ್ ಸ್ಪಷ್ಟ. ಶಿಫ್ಟ್ ಅರ್ಧದಾರಿ ತಲುಪಿದ್ದು ಡಿಎಂಎಸ್‌ಒ ಮೋಲ್ ಫ್ರಾಕ್ಷನ್ 0.15ರ ಹತ್ತಿರ. ಅಂದರೆ ಹೊರಗೆ ಆರೇಳರಲ್ಲಿ ಒಂದು ಅಣುವಷ್ಟೇ ಡಿಎಂಎಸ್‌ಒ ಇದ್ದರೂ ಸೋಡಿಯಂ ಸುತ್ತ ಆಗಲೇ ಅರ್ಧ ಜಾಗ ಅದರದ್ದೇ. ರೊಕ್ಕ ಹಾಳು ಅಂದವರಲ್ಲಿ ಒಬ್ಬರು ಮೊನ್ನೆ ಬಂದು, ಅಂಥದೇ ಕೊಳವೆ ಎರಡು ಎಳೆದು ಕೊಡ್ರಿ ಅಂತ ಕೇಳಿದರು. ಎಳೆದು ಕೊಟ್ಟೆ.