ಇಂಗ್ಲಿಷ್ ಪೀರಿಯಡ್‌ನಲ್ಲಿ ಕಥೆಯನ್ನು ಮಕ್ಕಳೇ ಕಟ್ಟಲಿ

ಕೋಲಾರದ ಕಡೆ ಹಳ್ಳಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರು, ಮೇಡಂಗಳಿಗೆ ಒಂದು ಸಲಹೆ. ನಮ್ಮ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೂರನೇ ಭಾಷೆ ಕಲಿಸುವಾಗ ವ್ಯಾಕರಣಕ್ಕಿಂತ ಮೊದಲು ಕಥೆ ಬರಲಿ.

ಬೋರ್ಡಿನ ಮೇಲೆ ಮೂರೇ ಮಾತು ಬರೆಯಿರಿ: ‘ವಾಂಟ್ಸ್’, ‘ಗೋಸ್ ಟು’, ‘ಗಿವ್ಸ್’. ಅರ್ಥ ಕನ್ನಡದಲ್ಲೇ ಹೇಳಿಬಿಡಿ. ‘ದೇರ್ ಈಸ್ ಎ ಮಂಕಿ’ ಅಂತ ಶುರು ಮಾಡಿ, ಕೇಳುತ್ತಾ ಹೋಗಿ. ಕೋತಿ ಎಲ್ಲಿದೆ? ಅಂತರಗಂಗೆ ಬೆಟ್ಟದಲ್ಲಿ. ಏನು ಬೇಕಂತೆ? ಟೊಮೆಟೊ. ಎಲ್ಲಿಗೆ ಹೋಗುತ್ತೆ? ಎಪಿಎಂಸಿ ಮಾರ್ಕೆಟ್ಟಿಗೆ! ಮಕ್ಕಳು ಒಂದೇ ಪದ ಹೇಳಿದರೂ ಸಾಕು, ಕನ್ನಡದಲ್ಲಿ ಹೇಳಿದರೂ ಪರವಾಗಿಲ್ಲ. ನೀವು ಅದನ್ನು ಇಂಗ್ಲಿಷ್ ವಾಕ್ಯ ಮಾಡಿ ಮತ್ತೆ ಹೇಳಿ. ‘ಡಸ್ ದ ಮಂಕಿ ವಾಂಟ್ ಎ ಮ್ಯಾಂಗೋ?’ ಅಂತ ಬೇಕಂತಲೇ ಕೇಳಿ. ‘ನೋ!’ ಅಂತ ಕೂಗುತ್ತಾರೆ. ಹೀಗೆ ಒಂದೇ ಮಾತು ಹತ್ತಾರು ಸಲ ಕಿವಿಗೆ ಬೀಳುತ್ತದೆ. ಇದೇ ಈ ವಿಧಾನದ ಜೀವಾಳ.

ಅಮೆರಿಕದಲ್ಲಿ ಸ್ಪ್ಯಾನಿಷ್ ಕಲಿಸುತ್ತಿದ್ದ ಬ್ಲೇನ್ ರೇ ಬೆಳೆಸಿದ ವಿಧಾನ ಇದು, ಹೆಸರು ಟಿಪಿಆರ್‌ಎಸ್, ಅಂದರೆ ಓದು ಮತ್ತು ಕಥೆಯ ಮೂಲಕ ಭಾಷೆ ಕಲಿಸುವುದು.

ಮಧ್ಯೆ ತಪ್ಪು ತಿದ್ದಬೇಡಿ. ಸರಿಯಾದ ವಾಕ್ಯವನ್ನು ಸುಮ್ನೆ ನೀವೇ ಒಮ್ಮೆ ಹೇಳಿ ಮುಂದೆ ಹೋಗಿ. ಕೊನೆಗೆ ಕಥೆಯನ್ನು ಐದಾರು ಸಾಲಲ್ಲಿ ಬರೆದು ಎಲ್ಲರಿಂದ ಓದಿಸಿ. ಹಿಂದಿನ ಬೆಂಚಿನ ಮಕ್ಕಳ ಹೆಸರನ್ನೂ ಪಾತ್ರಗಳಿಗೆ ಇಡಬಹುದು, ಮೊದಲು ಅವರನ್ನೇ ಕೇಳಿ.