ವಾಂಗ್ ವಿಯೆಂಗ್‌ನಲ್ಲಿ ಪಾರ್ಟಿ ಗದ್ದಲ ತಪ್ಪಿಸುವ ಉಪಾಯ

ಲಾವೋಸ್‌ನ ವಾಂಗ್ ವಿಯೆಂಗ್‌ಗೆ ಹೋಗುವವರು ರೂಮನ್ನು ಊರಿನ ಒಳಗೆ ಮಾಡಬೇಡಿ. ನಾಮ್ ಸಾಂಗ್ ನದಿ ದಾಟಿ, ಪಶ್ಚಿಮದ ಕಡೆ ಮಾಡಿ. ಗಾಳಿ ತುಂಬಿದ ಟ್ಯೂಬ್‌ನಲ್ಲಿ ನದಿಯ ಮೇಲೆ ತೇಲುವುದು, ಕಯಾಕ್ ಎಂಬ ಸಣ್ಣ ದೋಣಿ ನಡೆಸುವುದು, ಎಲ್ಲವನ್ನೂ ಬೆಳಗ್ಗೆಯೇ ಮುಗಿಸಿ. ಬಾರ್‌ಗಳು, ಪಾರ್ಟಿ ಹಾಸ್ಟೆಲ್‌ಗಳು ಜಾಸ್ತಿ ಇರುವುದು ಪೂರ್ವ ದಡದ ಊರಿನಲ್ಲಿ. ರಾತ್ರಿಯಿಡೀ ಕುಣಿದವರು ಬೆಳಗ್ಗೆ ಏಳುವುದಿಲ್ಲ, ಅಲ್ವಾ? ಇನ್ನೊಂದು ಲಾಭವೂ ಇದೆ. ಸುಣ್ಣಕಲ್ಲಿನ ಬೆಟ್ಟಗಳು ನದಿಯ ಪಶ್ಚಿಮಕ್ಕಿವೆ, ಹಾಗಾಗಿ ಬೆಳಗಿನ ಬಿಸಿಲು ನೇರವಾಗಿ ಅವುಗಳ ಮುಖಕ್ಕೇ ಬೀಳುತ್ತದೆ. ಬಂಡೆಯ ಒಂದೊಂದು ಬಿರುಕೂ, ಅದಕ್ಕೆ ಅಂಟಿಕೊಂಡ ಗಿಡವೂ ಕಾಣುತ್ತದೆ. ಸಂಜೆ ಸೂರ್ಯ ಅವುಗಳ ಹಿಂದೆ ಇಳಿಯುವುದರಿಂದ ಬರೀ ಕಪ್ಪು ಆಕಾರ. ದಡಕ್ಕೆ ಅಂಟಿಕೊಂಡ ರೂಮಾದರೆ ಮಾತ್ರ ಉಪಯೋಗವಿಲ್ಲ, ಹಾಡಿನ ಸದ್ದು ನೀರಿನ ಮೇಲೆ ಸಲೀಸಾಗಿ ದಾಟಿ ಬರುತ್ತದೆ. ಗದ್ದೆಗಳ ಕಡೆಗೆ ಸ್ವಲ್ಪ ಒಳಗೆ ಹೋಗಿ. ಮಳೆಗಾಲದಲ್ಲಿ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಬಿದಿರಿನ ಕಾಲುಸೇತುವೆಗಳು ನಿಲ್ಲುವುದಿಲ್ಲ, ಸುತ್ತಿಕೊಂಡು ಬರಬೇಕು. ನೀರಿನ ಸೆಳೆತ ಜೋರಾಗಿದ್ದರೆ ಟ್ಯೂಬ್ ಬಿಟ್ಟೇಬಿಡಿ. ಮಾರ್ಚ್, ಏಪ್ರಿಲ್‌ನಲ್ಲಿ ಹೊಲ ಸುಡುವ ಹೊಗೆಗೆ ಬೆಟ್ಟವೇ ಮಂಕಾಗಿರುತ್ತದೆ, ಸುಮ್ನೆ ಬೇಗ ಎದ್ದು ಪ್ರಯೋಜನವಿಲ್ಲ. ನವೆಂಬರ್‌ನಿಂದ ಜನವರಿ ಒಳ್ಳೆಯದು. ಹಾಂ, ಯಾರಾದರೂ ಪುಕ್ಕಟೆ ಮದ್ಯ ಕೊಟ್ಟರೆ ಬೇಡ ಅನ್ನಿ. 2024ರ ನವೆಂಬರ್‌ನಲ್ಲಿ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಬೆರೆತ ಮದ್ಯ ಕುಡಿದು ಅಲ್ಲಿ 6 ವಿದೇಶಿ ಪ್ರವಾಸಿಗರು ಸತ್ತರು. ರುಚಿ ನೋಡಿ ಅದನ್ನು ಗುರುತಿಸಲು ಆಗುವುದಿಲ್ಲ. ಕುಡಿಯಲೇಬೇಕೆಂದರೆ ಸೀಲ್ ಒಡೆಯದ ಬಿಯರ್ ಸಾಕು.